ರದ್ದಿಗೆ ಹೋದ ಹಸ್ತಪ್ರತಿ: ಹಕ್ಕಿ ಎಣಿಸುತ್ತಿದ್ದ ಹ್ಯೂಮ್ ಕಾಂಗ್ರೆಸ್ ಕಟ್ಟಿದ ಕತೆ

ಗುಂಡ್ಲುಪೇಟೆಗೆ ಕಡಲು ಬರುವುದು ಲಾರಿಯಲ್ಲಿ. ಕೇರಳದ ಕಡೆಯಿಂದ ಮೀನು ಹೊತ್ತ ಗಾಡಿಗಳು ಬಂಡೀಪುರದ ಕಾಡು ದಾಟಿ, ಐಸ್ ಕರಗಿದ ನೀರನ್ನು ರಸ್ತೆಯುದ್ದಕ್ಕೂ ತೊಟ್ಟಿಕ್ಕಿಸುತ್ತಾ ನಮ್ಮೂರನ್ನು ಹಾದು ಹೋಗುತ್ತವೆ. 2009ರಲ್ಲಿ ರಾತ್ರಿ ಸಂಚಾರ ನಿಷೇಧ ಬಂದ ಮೇಲೆ ರಾತ್ರಿ 9ಕ್ಕೆ ಕಾಡಿನ ಗೇಟು ಬಿದ್ದರೆ ಮತ್ತೆ ಏಳೋದು ಬೆಳಿಗ್ಗೆ 6ಕ್ಕೆ. ಚಿಕ್ಕಂದಿನಲ್ಲಿ ನನ್ನ ಪಾಲಿಗೆ ಸಮುದ್ರ ಅಂದರೆ ಆ ಲಾರಿಗಳ ವಾಸನೆ, ಅಷ್ಟೇ. ಕಣ್ಣಾರೆ ನೋಡಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ.

ಅಂಥ ಊರಿನವನು ಇವತ್ತು ಒಬ್ಬ ಬ್ರಿಟಿಷ್ ಅಧಿಕಾರಿಯ ಸಮುದ್ರಯಾನದ ಬಗ್ಗೆ ಬರೆಯಲು ಕಾರಣ ಒಂದು ವಾಟ್ಸಾಪ್ ಫಾರ್ವರ್ಡ್. ಕಾಂಗ್ರೆಸ್ ಕಟ್ಟಿದ್ದೇ ಒಬ್ಬ ಬಿಳಿಯ, ಜನರ ಸಿಟ್ಟು ಸಿಡಿಯದಂತೆ ಕುಕ್ಕರಿನ ಸೀಟಿ ಥರ ಇಟ್ಟದ್ದು ಅದು ಎಂಬ ಅದೇ ಹಳೇ ಒಂದು ಸಾಲು. ಗುಂಪಿನಲ್ಲಿ ಒಬ್ಬರು ಅದನ್ನು ಹಾಕಿ ನಕ್ಕರು, ಇನ್ನೊಬ್ಬರು ಬೈದರು, ಮೂರನೆಯವರು ಗುಡ್ ಮಾರ್ನಿಂಗ್ ಅಂದರು. ಅಲೆನ್ ಆಕ್ಟೇವಿಯನ್ ಹ್ಯೂಮ್ ಎಂಬ ಮನುಷ್ಯ ಯಾರು ಅಂತ ಯಾರೂ ಕೇಳಲಿಲ್ಲ.

ನಾನು ಯಾವ ಪಕ್ಷದ ವಕೀಲನೂ ಅಲ್ಲ. ಆದರೆ ಈ ಹ್ಯೂಮ್‌ನ ಬದುಕಿನಲ್ಲಿ, ಡೇಟಾ ಇದ್ದರೆ ಸಾಕು, ಸರ್ಕಾರ ಕೇಳುತ್ತೆ ಎಂದು ನಂಬಿರುವ ನಮ್ಮಂಥವರಿಗೆ ಒಂದು ಪಾಠ ಇದೆ. ಅದನ್ನು ಹೇಳಬೇಕು.

ಉಪ್ಪಿಗೆ ಬೇಲಿ ಹಾಕಿದವ

ಹ್ಯೂಮ್ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರದ ಖರ್ಚಿನ ಪ್ರತಿ ಪೈಸೆಗೂ ಲೆಕ್ಕ ಕೇಳುತ್ತಿದ್ದ ರ್‍ಯಾಡಿಕಲ್ ಸದಸ್ಯ. ಮಗ 1849ರಲ್ಲಿ ಬಂಗಾಳ ಸಿವಿಲ್ ಸರ್ವೀಸ್ ಸೇರಿ ಭಾರತಕ್ಕೆ ಬಂದ. ಇಂದಿನ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಆಡಳಿತ ಹಿಡಿದ ಮರುವರ್ಷವೇ 1857ರ ಬಂಡಾಯ ಶುರುವಾಯಿತು. ಅಲ್ಲಿ ಹ್ಯೂಮ್ ಯಾವ ಕಡೆ ನಿಂತ ಎಂಬುದರಲ್ಲಿ ಅನುಮಾನ ಬೇಡ. ಆತ ಕಂಪನಿಯ ಅಧಿಕಾರಿ, ಬಂಡಾಯಗಾರರ ವಿರುದ್ಧವೇ ಹೋರಾಡಿದ, ಅದಕ್ಕೆ ಸರ್ಕಾರದಿಂದ ಪದವಿಯನ್ನೂ ಪಡೆದ. ಅದೇ ಜಿಲ್ಲೆಯಲ್ಲಿ ಬಡ ಮಕ್ಕಳಿಗೆ ಉಚಿತ ಶಾಲೆಗಳನ್ನು ತೆರೆದ, ಜನರ ಭಾಷೆಯಲ್ಲಿ ಪತ್ರಿಕೆ ಶುರು ಮಾಡಿಸಿದ, ಹೆಂಡದಿಂದ ಬರುವ ಆದಾಯ ಪಾಪದ ಹಣ ಎಂದು ಮೇಲಿನವರ ಜೊತೆ ಜಗಳವನ್ನೂ ಆಡಿದ. ಎರಡೂ ಒಬ್ಬನೇ ಮನುಷ್ಯ.

1867ರಿಂದ 1870ರವರೆಗೆ ಆತ ಕಸ್ಟಮ್ಸ್ ಕಮಿಷನರ್. ಆ ಕೆಲಸ ಏನು ಗೊತ್ತೇ? ರಾಜಸ್ಥಾನದ ಕಡೆಯ ಅಗ್ಗದ ಉಪ್ಪು ತೆರಿಗೆ ಕಟ್ಟದೆ ಬ್ರಿಟಿಷ್ ಸೀಮೆಗೆ ನುಸುಳದಂತೆ ಕಾಯುವುದು. ಅದಕ್ಕೆ ಸಿಂಧೂ ನದಿಯ ಕಡೆಯಿಂದ ಮಹಾನದಿಯ ಕಡೆಯವರೆಗೆ ಸುಮಾರು 2,300 ಮೈಲಿ ಉದ್ದದ ಕಾವಲು ಗೆರೆ, 12,000ದಷ್ಟು ಸಿಬ್ಬಂದಿ. ಆ ಗೆರೆಯ ದೊಡ್ಡ ಭಾಗ ಜೀವಂತ ಬೇಲಿ. ಜಾಲಿ, ಕವಳೆ, ಎಲಚಿ, ಪಾಪಾಸುಕಳ್ಳಿ. ನಮ್ಮ ಕಡೆ ಹುರುಳಿ ಹೊಲದ ಬದುವಿನಲ್ಲಿ ನಿಂತಿರುವ ಅವೇ ಮುಳ್ಳುಗಳು, ಒಂದು ದೇಶದ ಬಡವರ ಗಂಜಿಗೂ ಉಪ್ಪಿಗೂ ನಡುವೆ ಗೋಡೆಯಾಗಿ ನಿಂತಿದ್ದವು. ಹ್ಯೂಮ್ ಆ ಬೇಲಿಯನ್ನು ಇನ್ನಷ್ಟು ಗಟ್ಟಿ ಮಾಡಿದ. ಜೊತೆಗೆ ರಾಜಸ್ಥಾನದ ಸಂಸ್ಥಾನಗಳ ಜೊತೆ ಸಾಂಭರ್ ಸರೋವರದ ಉಪ್ಪಿನ ಬಗ್ಗೆ ಮಾತುಕತೆಯನ್ನೂ ನಡೆಸಿದ. ಉಪ್ಪು ತಯಾರಾಗುವ ಜಾಗವೇ ಸರ್ಕಾರದ ಹಿಡಿತಕ್ಕೆ ಬಂದ ಮೇಲೆ 1879ರಲ್ಲಿ ಬೇಲಿ ಬೇಡವಾಯಿತು. ಬೇಲಿ ಹೋಯಿತು, ತೆರಿಗೆ ಹೋಗಲಿಲ್ಲ. ಆ ತೆರಿಗೆಯ ವಿರುದ್ಧವೇ 1930ರಲ್ಲಿ ನಮ್ಮ ಅಂಕೋಲೆಯ ಜನ ಕಡಲ ದಂಡೆಯಲ್ಲಿ ಉಪ್ಪು ಮಾಡಿ ಜೈಲಿಗೆ ಹೋದರು.

ಇದನ್ನೆಲ್ಲ ಮಾಡುತ್ತಿದ್ದ ಅಧಿಕಾರಿಗೆ ಒಂದು ಖಯಾಲಿ ಇತ್ತು. ಹಕ್ಕಿ.

1875ರ ಆ ಹಡಗು

ಇಂದಿನ ಪಕ್ಷಿಪ್ರಿಯರ ಥರ ಕ್ಯಾಮೆರಾ ಹಿಡಿದು ನೋಡುವ ಕಾಲವಲ್ಲ ಅದು. ಹಕ್ಕಿಯನ್ನು ಕೋವಿಯಿಂದ ಹೊಡೆದು, ಚರ್ಮ ಬಿಡಿಸಿ, ಒಣಗಿಸಿ, ಕಾಲಿಗೆ ಜಾಗ ಮತ್ತು ದಿನಾಂಕದ ಚೀಟಿ ಕಟ್ಟಿ ಇಡುವುದೇ ವಿಜ್ಞಾನ. ಹ್ಯೂಮ್ ಅದನ್ನು ದೇಶದ ಮಟ್ಟಕ್ಕೆ ಏರಿಸಿದ. 1872ರಲ್ಲಿ ಸ್ವಂತ ದುಡ್ಡಿನಲ್ಲಿ 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆ ಶುರು ಮಾಡಿದ. ಡಾಕ್ಟರು, ಎಂಜಿನಿಯರು, ಪ್ಲಾಂಟರು, ರೈಲ್ವೆಯವರು ಹೀಗೆ ಮೂಲೆಮೂಲೆಯ ನೂರಾರು ಜನರಿಂದ ಪತ್ರ ತರಿಸಿ, ತಪ್ಪು ತಿದ್ದಿ, ಅಚ್ಚು ಹಾಕಿದ. ಆತನಿಗಾಗಿ ಕೆಲಸ ಮಾಡಿದ ವಿಲಿಯಂ ಡೇವಿಸನ್ 1883ರಲ್ಲಿ ಅದೇ ಪತ್ರಿಕೆಯಲ್ಲಿ ನೀಲಗಿರಿ, ವೈನಾಡು ಮತ್ತು ದಕ್ಷಿಣ ಮೈಸೂರಿನ ಹಕ್ಕಿಗಳ ಬಗ್ಗೆ ದೀರ್ಘ ಟಿಪ್ಪಣಿ ಬರೆದ. ನೀಲಗಿರಿ, ವೈನಾಡಿಗೆ ತಾಗಿದ ದಕ್ಷಿಣ ಮೈಸೂರು ಅಂದರೆ ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಸೀಮೆ. ಬಂಡೀಪುರ ಎಂಬ ಅಭಯಾರಣ್ಯದ ಕಲ್ಪನೆ ಹುಟ್ಟುವುದಕ್ಕೂ ಅರ್ಧ ಶತಮಾನ ಮೊದಲೇ ಇಲ್ಲಿನ ಹಕ್ಕಿಗಳು ಆ ಪಟ್ಟಿ ಸೇರಿದ್ದವು.

ನೆಲದ ಮೇಲೆ ಪತ್ರ ಬರೆಯುವ ಜನ ಸಿಕ್ಕರು. ಕಡಲಿನಲ್ಲಿ? 1873ರಲ್ಲಿ ಹ್ಯೂಮ್ ಅಂಡಮಾನ್, ನಿಕೋಬಾರ್‌ಗೆ ಹೋಗಿಬಂದ. ಒಂದೇ ಒಂದು ಪುಟ್ಟ ದ್ವೀಪದಲ್ಲಿ ಮಾತ್ರ ಬದುಕುವ ನಾರ್ಕೊಂಡಮ್ ಮಂಗಟ್ಟೆಯನ್ನು ಲೋಕಕ್ಕೆ ಮೊದಲು ವಿವರಿಸಿದ್ದು ಆತನೇ. ಆಮೇಲೆ 1875ರಲ್ಲಿ ಪಶ್ಚಿಮದ ಕಡಲು. ಸರ್ಕಾರದ ಸರ್ವೆ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೊರಟ. ಕಾಗದದ ಮೇಲೆ ಉದ್ದೇಶ, ದೀಪಸ್ತಂಭ ಕಟ್ಟಲು ಜಾಗ ಹುಡುಕುವುದು. ಹ್ಯೂಮ್‌ನ ಉದ್ದೇಶ ಬೇರೆ.

ಈ ಭಾಗ ನನ್ನೊಳಗಿನ ಇಂಜಿನಿಯರಿಗೆ ತುಂಬಾ ಇಷ್ಟ. ದ್ವೀಪದ ಹಕ್ಕಿ ಎಣಿಸಿದರೆ ಮಾತ್ರ ಸಾಲದು, ಆ ದ್ವೀಪ ಎಂದಾದರೂ ನಮ್ಮ ಕರಾವಳಿಗೆ ಅಂಟಿಕೊಂಡಿತ್ತೇ ಎಂಬುದೂ ಗೊತ್ತಾಗಬೇಕು. ಅಂಟಿಕೊಂಡಿದ್ದರೆ ಪ್ರಾಣಿಪಕ್ಷಿಗಳು ನಡೆದೋ ಹಾರಿಯೋ ಹೋಗಿರಬಹುದು. ನಡುವೆ ಆಳದ ಕಂದರ ಇದ್ದರೆ ಕತೆಯೇ ಬೇರೆ. ಹಾಗಾಗಿ ಆ ಯಾನದಲ್ಲಿ ಕಡಲಿನ ಆಳವನ್ನೂ ಅಳೆದರು. ಇವತ್ತು ಸೋನಾರ್ ಕ್ಷಣದಲ್ಲಿ ಮಾಡುವ ಕೆಲಸಕ್ಕೆ ಆಗ ಭಾರ ಕಟ್ಟಿದ ಹುರಿಯನ್ನು ನೀರಿಗೆ ಬಿಟ್ಟು, ತಳ ಮುಟ್ಟುವವರೆಗೆ ಕಾದು, ಮತ್ತೆ ಎಳೆಯಬೇಕು.

ಲಕ್ಷದ್ವೀಪ ಹವಳದ ನೆಲ. ಮುಳುಗಿದ ಬೆಟ್ಟಗಳ ಸಾಲಿನ ಮೇಲೆ ಹವಳದ ಹುಳುಗಳು ಕಟ್ಟಿದ ಉಂಗುರಗಳು. ನದಿ ಇಲ್ಲ, ಬೆಟ್ಟ ಇಲ್ಲ, ಕಾಡಿನ ಹಕ್ಕಿಗಳೂ ಕಡಿಮೆ. ಆದರೆ ಜನ ಇಲ್ಲದ ಮರಳದಿಬ್ಬಗಳು ಕಡಲ ಹಕ್ಕಿಗಳ ಹೆರಿಗೆಮನೆ. ನಮ್ಮ ಪಕ್ಷಿವೀಕ್ಷಕರು ರೀವ ಎಂದು ಕರೆಯುವ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಒಂದು ಬೆಕ್ಕು, ನಾಲ್ಕು ಇಲಿ, ಮೊಟ್ಟೆ ಆಯಲು ಬಂದ ಒಂದು ದೋಣಿ ಸಾಕು, ಆ ವರ್ಷದ ಸಂತಾನ ಮುಗಿಯಿತು. ಇದೇ ದ್ವೀಪಸಮೂಹದ ಪಿಟ್ಟಿ ಎಂಬ ದಿಬ್ಬ ಇರೋದು ಸುಮಾರು ಮೂರು ಎಕರೆ, ನಮ್ಮ ಕಡೆಯ ಒಂದು ಹೊಲದಷ್ಟು. ಇಂದು ಅದು ಪಕ್ಷಿಧಾಮ. 2020ರಲ್ಲಿ ಸುತ್ತಲಿನ ಕಡಲನ್ನೂ ಸೇರಿಸಿ ಸುಮಾರು 62 ಚದರ ಕಿಲೋಮೀಟರ್ ಜಾಗವನ್ನು ಕಡಲ ಹಕ್ಕಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಲಕ್ಷದ್ವೀಪದ ಹಕ್ಕಿಗಳ ಬಗ್ಗೆ ಇಂದು ಯಾರೇ ಪ್ರಬಂಧ ಬರೆದರೂ ಅವರು ಹಿಂದಿರುಗಿ ನೋಡಬೇಕಾದ ಮೊದಲ ದೊಡ್ಡ ದಾಖಲೆ, 1876ರಲ್ಲಿ ಹ್ಯೂಮ್ ಪ್ರಕಟಿಸಿದ ಆ ಯಾನದ ವರದಿ. ಮುರ್ಡೇಶ್ವರದ ಎದುರಿನ ನಮ್ಮ ನೇತ್ರಾಣಿ ದ್ವೀಪವೂ ಅದರಲ್ಲಿದೆ. ಅಂದಿನ ಹೆಸರು ಪಿಜನ್ ಐಲ್ಯಾಂಡ್. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟಿದ್ದನ್ನು ಆತ ದಾಖಲಿಸಿದ. ಮುಂದೆ ಅದೇ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿತು.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆಗ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಉತ್ತರದ ದ್ವೀಪಗಳು ಮಂಗಳೂರಿನ ಆಡಳಿತಕ್ಕೆ ಸೇರಿದ್ದವು. 1956ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದ ಜನ ಹೊಸೆದ ತೆಂಗಿನ ನಾರಿನ ಹುರಿಯನ್ನು ಸರ್ಕಾರವೇ ಕೊಳ್ಳಬೇಕು, ತಾನು ಕಟ್ಟಿದ ದರಕ್ಕೇ ಅಕ್ಕಿ ಕೊಡಬೇಕು ಎಂಬ ಏಕಸ್ವಾಮ್ಯ ಇತ್ತು. ಉತ್ತರದಲ್ಲಿ ಉಪ್ಪು, ಇಲ್ಲಿ ನಾರು. ಹಕ್ಕಿ ಎಲ್ಲಿ ಗೂಡು ಕಟ್ಟುತ್ತೆ, ಯಾವ ತಿಂಗಳು ಬರುತ್ತೆ, ಹವಳದ ಸಾಲಿನ ನಡುವೆ ದೋಣಿ ಎಲ್ಲಿ ನುಗ್ಗುತ್ತೆ ಎಂಬುದೆಲ್ಲ ಗೊತ್ತಿದ್ದದ್ದು ಆ ಹುರಿ ಹೊಸೆಯುವ ಜನಕ್ಕೆ. ಆದರೆ ವಿಜ್ಞಾನದ ಪಟ್ಟಿಯಲ್ಲಿ ಅವರ ಹೆಸರು ಉಳಿಯಲಿಲ್ಲ. ನೀಲಗಿರಿ, ವೈನಾಡು, ದಕ್ಷಿಣ ಮೈಸೂರಿನ ಕಾಡುಗಳಲ್ಲಿ ದಾರಿ ಗೊತ್ತಿದ್ದವರ ಹೆಸರೂ ಅಷ್ಟೇ.

ಬರ ಬಂದಾಗ

1871ರಿಂದ ಹ್ಯೂಮ್ ಭಾರತ ಸರ್ಕಾರದ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿ. ಕೃಷಿಗೆ ಒಂದು ಇಲಾಖೆ ಬೇಕು ಎಂಬುದು ವೈಸರಾಯ್ ಮೇಯೋನ ಆಸೆ. ಹೆಸರಿನಲ್ಲಿ ಕೃಷಿ ಇತ್ತು, ಕೆಲಸವೆಲ್ಲ ಕಂದಾಯ. ಮಣ್ಣು, ಗೊಬ್ಬರ, ಬಿತ್ತನೆಯ ಪ್ರಯೋಗಕ್ಕೆ ಹಣ ಕೇಳಿದರೆ ಇಲ್ಲ.

1876ರಿಂದ 1878ರವರೆಗೆ ಆ ಮಹಾ ಬರ ಬಂತು. ಮೈಸೂರು ಸಂಸ್ಥಾನವೊಂದರಲ್ಲೇ ಸತ್ತವರು ಸುಮಾರು 10 ಲಕ್ಷ, ಅಂದರೆ ಐವರಲ್ಲಿ ಒಬ್ಬರಂತೆ. ಆಗ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳುತ್ತಿದ್ದರು, ನಮ್ಮ ಸೀಮೆಯೂ ಅವರ ಕೈಯಲ್ಲೇ ಇತ್ತು. ದಕ್ಷಿಣದಲ್ಲಿ ಜನ ದಾರಿಬದಿಯಲ್ಲಿ ಬೀಳುತ್ತಿದ್ದಾಗ, 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದ. ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ.

ಇಲ್ಲಿ ಹ್ಯೂಮ್‌ನನ್ನು ಸುಮ್ಮನೆ ಬಿಡಲು ನನಗೆ ಮನಸ್ಸಿಲ್ಲ. ಆತ ಕುಳಿತಿದ್ದ ಕುರ್ಚಿಯ ಹೆಸರಲ್ಲೇ ಕೃಷಿ ಇತ್ತು. ನಾರ್ಕೊಂಡಮ್ ಮಂಗಟ್ಟೆಯ ಕೊಕ್ಕಿನ ಅಳತೆ ಗೊತ್ತಿದ್ದ ಸರ್ಕಾರಕ್ಕೆ ರೈತನ ಕಣಜದ ಅಳತೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂಕಿಅಂಶ ರಾಶಿರಾಶಿ ಇತ್ತು. ಅದನ್ನು ಕೇಳುವ ಮನಸ್ಸಿರಲಿಲ್ಲ. ಲಿಟ್ಟನ್ನನ ನೀತಿಗಳನ್ನು ಹ್ಯೂಮ್ ಮುಚ್ಚುಮರೆ ಇಲ್ಲದೆ ಟೀಕಿಸಿದ. ಫಲ ಸಿಕ್ಕಿತು. 1879ರಲ್ಲಿ ಕಾರ್ಯದರ್ಶಿ ಹುದ್ದೆಯಿಂದ ಕಿತ್ತು ಅಲಹಾಬಾದಿನ ಕಂದಾಯ ಮಂಡಳಿಗೆ ತಳ್ಳಿದರು. ಅದೇ ವರ್ಷ ಆತ ಭಾರತದ ಕೃಷಿ ಸುಧಾರಣೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. 1882ರಲ್ಲಿ ನಿವೃತ್ತಿ.

ಕೆಜಿ ಲೆಕ್ಕದಲ್ಲಿ ಹೋದದ್ದು

ಇನ್ನು ಹಕ್ಕಿಗಳ ಮಹಾಗ್ರಂಥವೊಂದೇ ಬಾಕಿ. ಶಿಮ್ಲಾದ ಜಾಖೂ ಬೆಟ್ಟದ ರಾತ್ನಿ ಕ್ಯಾಸಲ್ ಎಂಬ ಮನೆಯಲ್ಲಿ ಏಷ್ಯಾದ ಹಕ್ಕಿಗಳ ಅತಿ ದೊಡ್ಡ ಸಂಗ್ರಹ ಇತ್ತು. ಇಪ್ಪತ್ತೈದು ವರ್ಷಗಳ ಟಿಪ್ಪಣಿ, ಪತ್ರಗಳು ಕಟ್ಟುಕಟ್ಟಾಗಿದ್ದವು. ಒಂದು ಚಳಿಗಾಲ ಕೆಳಗಿನ ಊರುಗಳಲ್ಲಿ ಕಳೆದು ಹ್ಯೂಮ್ ವಾಪಸು ಬಂದಾಗ ಆ ಹಸ್ತಪ್ರತಿಗಳೇ ಇಲ್ಲ. ಮನೆಯ ಆಳೊಬ್ಬ ಕದ್ದು ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಿದ್ದ.

ಈ ಸಂಗತಿ ಓದಿದಾಗ ನನಗೆ ನಗು ಬರಲಿಲ್ಲ, ಕಾರಣ ಇದೆ. ನನ್ನಜ್ಜ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಪ್ರತಿದಿನ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತಿದ್ದರು. ಮಳೆ ಬಂತೋ ಇಲ್ಲವೋ, ಕೆರೆಯಲ್ಲಿ ಎಷ್ಟನೇ ಮೆಟ್ಟಿಲವರೆಗೆ ನೀರು, ಹುರುಳಿ ಬಿತ್ತಿದ ದಿನ, ಬಾವಿಯ ಹಗ್ಗಕ್ಕೆ ಎಷ್ಟು ಮೊಳ ಸೇರಿಸಿದರು. ಅಜ್ಜ ಹೋದ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟ ಖಾಲಿ ಮಾಡುವ ಕೆಲಸ ನನ್ನದಾಯಿತು. ಆಗ ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಒಳ್ಳೆಯ ಮಾರ್ಕ್ಸೂ ಇತ್ತು. ನೋಟ್‌ಬುಕ್ಕುಗಳನ್ನು ಹಳೇ ಪೇಪರಿನ ಜೊತೆ ಕಟ್ಟಿ ಗುಜರಿಯವನ ತಕ್ಕಡಿಗೆ ಹಾಕಿದೆ. ಆ ದುಡ್ಡಲ್ಲಿ ಮೊಬೈಲಿಗೆ ರೀಚಾರ್ಜ್ ಮಾಡಿಸಿದ ನೆನಪು.

ಹತ್ತು ವರ್ಷದ ಮೇಲೆ, ಪತ್ರಕರ್ತನಾಗಿ, ಅದೇ ಹಳ್ಳಿಗಳ ಬತ್ತಿದ ಬೋರ್‌ವೆಲ್ಲುಗಳ ಬಗ್ಗೆ ಬರೆಯಲು ಕೂತೆ. ಮಳೆಯ ಕಾಲ ಬದಲಾಗಿದೆ ಅಂತ ರೈತರು ಹೇಳುತ್ತಿದ್ದರು, ನನ್ನ ಎಡಿಟರು ಆಧಾರ ಕೇಳಿದರು. ಆ ಹಳ್ಳಿಯ ಮೂವತ್ತು ವರ್ಷದ ಆಧಾರವನ್ನು ಕೆಜಿ ಲೆಕ್ಕದಲ್ಲಿ ಮಾರಿದವನು ನಾನೇ.

ಹ್ಯೂಮ್‌ಗೆ ಮನಸ್ಸು ಮುರಿಯಿತು. ಅಷ್ಟೊತ್ತಿಗಾಗಲೇ ಥಿಯೊಸಫಿಯ ಪ್ರಭಾವದಲ್ಲಿ ಸಸ್ಯಾಹಾರಿಯಾಗಿ, ಹಕ್ಕಿ ಹೊಡೆಯುವುದನ್ನೂ ಬಿಟ್ಟಿದ್ದ. 80,000ಕ್ಕೂ ಹೆಚ್ಚು ಹಕ್ಕಿ ಚರ್ಮ, ಮೊಟ್ಟೆಗಳ ಇಡೀ ಸಂಗ್ರಹವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಮಾಡಿದ. 1885ರಲ್ಲಿ ಮ್ಯೂಸಿಯಮ್ಮಿನ ತಜ್ಞ ಬೌಡ್ಲರ್ ಶಾರ್ಪ್ ಶಿಮ್ಲಾಕ್ಕೇ ಬಂದು ಪೆಟ್ಟಿಗೆ ಕಟ್ಟಿಸಿ ಸಾಗಿಸಿದ.

ಆ ಸಂಗ್ರಹ ವ್ಯರ್ಥವಾಗಲಿಲ್ಲ ಅನ್ನೋದನ್ನೂ ಹೇಳಬೇಕು. 1867ರಲ್ಲಿ ಹ್ಯೂಮ್ ಸಟ್ಲೆಜ್ ಕಣಿವೆಯಲ್ಲಿ ಹಿಡಿದ ಒಂದು ಸಣ್ಣ ಹಕ್ಕಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಒಗಟಾಗಿಯೇ ಉಳಿದಿತ್ತು. ಅಂಥದ್ದು ಮತ್ತೊಂದು ಸಿಕ್ಕಿರಲಿಲ್ಲ. ಡಿಎನ್ಎ ಪರೀಕ್ಷೆ ಬಂದ ಮೇಲೆ ಅದು ಬೇರೆಯೇ ಜಾತಿ ಎಂದು ಖಚಿತವಾಯಿತು. 2006ರಲ್ಲಿ ಥಾಯ್ಲೆಂಡಿನಲ್ಲಿ ಅದೇ ಜಾತಿಯ ಜೀವಂತ ಹಕ್ಕಿ ಬಲೆಗೆ ಬಿತ್ತು. ಚೀಟಿಯಲ್ಲಿ ಬರೆದಿಟ್ಟ ಒಂದು ದಿನಾಂಕ, ಒಂದು ಊರಿನ ಹೆಸರಿಗೆ 139 ವರ್ಷದ ಮೇಲೂ ಬೆಲೆ ಇತ್ತು. ಆದರೆ ಆ ಚೀಟಿ ನೋಡಬೇಕಾದರೆ ಇಂದಿಗೂ ಇಂಗ್ಲೆಂಡಿಗೆ ಹೋಗಬೇಕು.

ಪತ್ರ ಬರೆಯುವ ಜನರಿಂದ ಕಾಂಗ್ರೆಸ್ಸಿನವರೆಗೆ

ಹಕ್ಕಿಗಳು ಹೊರಟ ಅದೇ 1885ರ ಡಿಸೆಂಬರ್ 28ರಂದು ಬಾಂಬೆಯ ಗೋಕುಲದಾಸ್ ತೇಜ್‌ಪಾಲ್ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿದರು. ಪುಣೆಯಲ್ಲಿ ನಡೆಯಬೇಕಿದ್ದ ಸಭೆ ಕಾಲರಾ ಕಾರಣಕ್ಕೆ ಅಲ್ಲಿಗೆ ಬಂದಿತ್ತು. ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿ, ಸಂಘಟಕ ಹ್ಯೂಮ್. ಇದಕ್ಕೆ ಎರಡು ವರ್ಷ ಮೊದಲೇ, 1883ರ ಮಾರ್ಚ್ 1ರಂದು, ಕಲ್ಕತ್ತಾ ವಿಶ್ವವಿದ್ಯಾಲಯದ ಪದವೀಧರರಿಗೆ ಬಹಿರಂಗ ಪತ್ರ ಬರೆದು, ದೇಶಕ್ಕಾಗಿ ಸ್ವಾರ್ಥ ಬಿಟ್ಟು ನಿಲ್ಲುವ ಐವತ್ತು ಜನರನ್ನು ಆತ ಕೇಳಿದ್ದ.

ಗಮನಿಸಿ, ವಿಧಾನ ಅದೇ. ಊರೂರಿಗೆ ಪತ್ರ, ಪ್ರತಿ ಊರಿನಲ್ಲೂ ಒಬ್ಬ ನಂಬಿಕಸ್ತ, ಬಂದದ್ದನ್ನೆಲ್ಲ ಒಂದು ಕಡೆ ಸೇರಿಸುವ ಒಬ್ಬ ಸಂಪಾದಕ. ಹಕ್ಕಿಗಾಗಿ ಕಟ್ಟಿದ ಜಾಲದ ಅನುಭವವನ್ನು ಆತ ರಾಜಕೀಯಕ್ಕೆ ತಂದ ಎಂದೇ ನಾನು ಓದಿಕೊಂಡಿದ್ದೇನೆ. ಲೆಕ್ಕ ಬರೆದಿಟ್ಟರೆ ಸಾಲದು, ಲೆಕ್ಕ ಕೇಳುವ ಸಂಘಟಿತ ಜನ ಬೇಕು. ಅವರಿಲ್ಲದಿದ್ದರೆ ಸತ್ಯವೂ ರದ್ದಿಯೇ. ಬರದ ಕಾಲದ ಸರ್ಕಾರಿ ಕುರ್ಚಿ ಮತ್ತು ಶಿಮ್ಲಾದ ಖಾಲಿ ಕಪಾಟು ಎರಡೂ ಆತನಿಗೆ ಕಲಿಸಿದ್ದು ಇದನ್ನೇ ಇರಬೇಕು.

ಹಾಗಾದರೆ ಕುಕ್ಕರಿನ ಸೀಟಿಯ ಮಾತು ಸುಳ್ಳೇ? ಆ ವಾದಕ್ಕೆ ಬಲ ಕೊಟ್ಟವರು ಲಾಲಾ ಲಜಪತ್ ರಾಯ್, 1916ರಲ್ಲಿ. ಅದಕ್ಕೂ ಮೊದಲು ಹ್ಯೂಮ್‌ನ ಜೀವನಚರಿತ್ರೆ ಬರೆದ ವೆಡ್ಡರ್‌ಬರ್ನ್, ದಂಗೆಯ ಭಯದ ಬಗ್ಗೆ ಏಳು ಸಂಪುಟಗಳ ಗುಪ್ತ ವರದಿಯನ್ನು ಹ್ಯೂಮ್ ಕಂಡಿದ್ದನೆಂದು ಹೇಳಿದ್ದ. ಆ ಸಂಪುಟಗಳು ಯಾರ ಕೈಗೂ ಸಿಕ್ಕಿಲ್ಲ. ಬಿಪನ್ ಚಂದ್ರರಂಥ ಇತಿಹಾಸಕಾರರು ಆ ಕತೆಯನ್ನು ಒಪ್ಪುವುದಿಲ್ಲ. ಆ ಹೊತ್ತಿಗೆ ದಾದಾಭಾಯಿ ನವರೋಜಿ, ಫಿರೋಜ್‌ಶಾ ಮೆಹ್ತಾ ಅವರಂಥ ಭಾರತೀಯರೇ ಸಂಘಟನೆಗೆ ಸಿದ್ಧರಿದ್ದರು. ನಿವೃತ್ತ ಬ್ರಿಟಿಷ್ ಅಧಿಕಾರಿಯೊಬ್ಬ ಮುಂದೆ ನಿಂತರೆ ಸರ್ಕಾರ ಹುಟ್ಟುವಾಗಲೇ ಕತ್ತು ಹಿಸುಕುವುದಿಲ್ಲ ಎಂಬುದು ಅವರ ಲೆಕ್ಕ. ಹ್ಯೂಮ್‌ಗೆ ದಂಗೆಯ ಭಯ ಇದ್ದದ್ದೂ ನಿಜ. ಸಾಮ್ರಾಜ್ಯವೇ ಹೋಗಲಿ ಎಂದು ಆತ ಎಂದೂ ಬಯಸಲಿಲ್ಲ. ಆದರೂ 1880ರ ದಶಕದ ಕೊನೆಯಲ್ಲಿ ದೇಶಭಾಷೆಗಳಲ್ಲಿ ಕರಪತ್ರ ಹಂಚಿ ನೇರವಾಗಿ ರೈತರಿಗೆ ಮಾತು ಮುಟ್ಟಿಸಲು ಹೊರಟಾಗ ಸರ್ಕಾರ ಕೆರಳಿತು. 1892ರಲ್ಲಿ ರೈತರ ದಂಗೆಯ ಎಚ್ಚರಿಕೆ ಕೊಟ್ಟು ಪತ್ರ ಬರೆದಾಗ ಕಾಂಗ್ರೆಸ್ಸಿನ ಗೆಳೆಯರೇ ದೂರ ಸರಿದರು. 1894ರಲ್ಲಿ ಆತ ಭಾರತ ಬಿಟ್ಟ. ಕೊನೆಗಾಲದಲ್ಲಿ ಗಿಡಗಳ ಕಡೆ ತಿರುಗಿ, 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸಾಮಾನ್ಯ ಜನರಿಗಾಗಿ ಒಂದು ಸಸ್ಯವಿಜ್ಞಾನ ಸಂಸ್ಥೆ ಕಟ್ಟಿದ. ಅದು ಇಂದಿಗೂ ಇದೆ. 1912ರ ಜುಲೈ 31ರಂದು ತೀರಿಕೊಂಡ. ಸುದ್ದಿ ತಿಳಿದು ಇಟಾವಾದಲ್ಲಿ ಅಂಗಡಿ ಮುಚ್ಚಿದರಂತೆ.

ಗೇಟಿನ ಈಚೆ

ಹ್ಯೂಮ್ ಅರ್ಧ ದಾರಿ ಮಾತ್ರ ನಡೆದ. ಪತ್ರ ಬರೆಯಬಲ್ಲವರ ಜಾಲ ಕಟ್ಟಿದ, ಹುರಿ ಹೊಸೆಯುವವರು ಅದರೊಳಗೆ ಬರಲಿಲ್ಲ. ಆ ಬಾಕಿ ಇನ್ನೂ ತೀರಿಲ್ಲ. 2021ರಲ್ಲಿ ಲಕ್ಷದ್ವೀಪದ ಅಭಿವೃದ್ಧಿಗೆಂದು ಹೊಸ ಕರಡು ನಿಯಮ ಬಂದಾಗ ಅಲ್ಲಿನ ಜನ ಪ್ರತಿಭಟಿಸಿದ್ದು, ತಮ್ಮ ನೆಲದ ತೀರ್ಮಾನದಲ್ಲಿ ತಮಗೆ ಮಾತಿಲ್ಲ ಎಂಬ ಸಿಟ್ಟಿಗೆ. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲೂ ಕತೆ ಅದೇ. ಅಭಯಾರಣ್ಯ ಬಂದಾಗ ಸೋಲಿಗರ ಪೋಡುಗಳು ಜಾಗ ಬಿಡಬೇಕಾಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಹಕ್ಕನ್ನು ಅವರು ಪಡೆದರು. ಅವರ ಬಳಿ ಇದ್ದ ದಾಖಲೆ, ಹಿರಿಯರ ನೆನಪಿನಿಂದ ತಾವೇ ಗುರುತು ಹಾಕಿದ ಕಾಡಿನ ನಕ್ಷೆ. ಅದರ ಹಿಂದೆ ಸಂಘಟನೆ ಇತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಆಗುತ್ತಿರಲಿಲ್ಲ.

ಕಳೆದ ಮುಂಗಾರಿನಿಂದ ನಾವು ಏಳು ಜನ ಗೆಳೆಯರು ಏಳು ಹಳ್ಳಿಗಳ ಮಳೆ ಬರೆದಿಡುತ್ತಿದ್ದೇವೆ. ಬಾಟಲಿ ಕತ್ತರಿಸಿ ಮಾಡಿದ ಮಾಪಕ, ಮೊಬೈಲಿನಲ್ಲಿ ಒಂದು ಶೀಟು. ಅದರಲ್ಲಿ ಇಬ್ಬರು ಆಗಲೇ ಕೈಬಿಟ್ಟರು, ಒಬ್ಬನ ಮಾಪಕವನ್ನು ಹಸು ತುಳಿಯಿತು. ಉಳಿದ ನಾಲ್ಕು ಹಳ್ಳಿಯ ಅಂಕಿಗಳನ್ನು ಪ್ರಿಂಟ್ ತೆಗೆದು ಮುಂದಿನ ಗ್ರಾಮಸಭೆಗೆ ಒಯ್ಯುತ್ತೇವೆ, ಕೆರೆಗೆ ನೀರು ತುಂಬಿಸುವ ಪಟ್ಟಿಯಲ್ಲಿ ನಮ್ಮ ಹಳ್ಳಿಗಳು ಯಾಕಿಲ್ಲ ಎಂದು ಕೇಳೋಕೆ. ಕಾಗದ ನಾಲ್ಕೇ ಹಾಳೆ. ಅದರ ಜೊತೆ ಎಷ್ಟು ಜನ ಬರ್ತಾರೆ ಎಂಬುದರ ಮೇಲೆ ಅದು ಅರ್ಜಿಯೋ ರದ್ದಿಯೋ ಅಂತ ತೀರ್ಮಾನ ಆಗುತ್ತೆ.